ಇಲ್ಲದ ಊರಿನ ಹೆಳವ

"ಹೆಳವ ಬರ್ತಾನಂತ, ಮೂರು ವರ್ಷದ ಮ್ಯಾಲೆ. ನೀನೂ ಬಂದು ಹೋಗವಾ" ಎಂದು ದೊಡ್ಡಪ್ಪ ಫೋನ್ ಮಾಡಿದರು. ನಮ್ಮ ಮನೆತನದ ವಂಶಾವಳಿ ಹಾಡುವವನೇ ಹೆಳವ. ಮೇ ತಿಂಗಳಲ್ಲಿ ಬಾಗಲಕೋಟೆಗೆ ಹೋಗುವ ಹುಚ್ಚು ಯಾರಿಗೂ ಬೇಡ. ಆದರೆ ಆಲಮಟ್ಟಿ ಹಿನ್ನೀರು ಸರಿದು ನಮ್ಮ ಹಳೆ ಊರು ತಲೆ ಎತ್ತುವುದೂ ಆ ಬಿಸಿಲಲ್ಲೇ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ.

ಬಾಗಲಕೋಟೆಯಿಂದ ಗದ್ದನಕೇರಿ ಕ್ರಾಸ್, ಅಲ್ಲಿಂದ ಅನಗವಾಡಿ ಸೇತುವೆ ದಾಟಿ ಬೀಳಗಿ ಕಡೆಗೆ. ದಾರಿಯಲ್ಲಿ ಹೇಳುವಂಥದ್ದೇನಿಲ್ಲ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಂಗಾಮು ಮುಗಿದಿತ್ತು, ಬಸ್ಸಿನ ಸೀಟು ಕಾದ ಹಂಚಾಗಿತ್ತು.

ನಮ್ಮದು ಕೃಷ್ಣಾ ದಂಡೆಯ ಊರು. ಈಗ ಎರಡು. ಒಂದು ನೀರಿನಲ್ಲಿ, ಇನ್ನೊಂದು ಗುಡ್ಡದ ಮೇಲಿನ ಪುನರ್ವಸತಿ ಕೇಂದ್ರದಲ್ಲಿ. ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಇಟ್ಟದ್ದು 1964ರಲ್ಲಿ, ಅಬ್ದುಲ್ ಕಲಾಂ ಬಂದು ಉದ್ಘಾಟನೆ ಮಾಡಿದ್ದು 2006ರಲ್ಲಿ. ನಡುವಿನ ನಲವತ್ತೆರಡು ವರ್ಷ ನಮ್ಮೂರ ಜನ ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ ಎಂಬ ಯೋಚನೆಯಲ್ಲೇ ಕಳೆದರು. ಹೇಗೂ ಮುಳುಗುವ ಗೋಡೆಗೆ ಸುಣ್ಣವೇಕೆ ಎಂದು ಅಜ್ಜ ಬಿಟ್ಟೇ ಬಿಟ್ಟಿದ್ದನಂತೆ. ಅಜ್ಜಿ ಮಾತ್ರ ಪ್ರತಿ ದೀಪಾವಳಿಗೆ ಜಗಳ ತೆಗೆದು ಹಚ್ಚಿಸುತ್ತಿದ್ದಳು.

ಹೆಳವನನ್ನು ಮೊದಲು ಕಂಡದ್ದು ಹೊಸ ಊರಿನಲ್ಲಲ್ಲ, ಹಳೆ ಊರಿನಲ್ಲಿ. ಬೆಳಿಗ್ಗೆಯೇ ಅಲ್ಲಿಗೆ ಹೋಗಿಬಿಟ್ಟಿದ್ದಾನೆ ಎಂದು ಸುದ್ದಿ ಬಂತು. ದೊಡ್ಡಪ್ಪನ ಬೈಕಿನ ಹಿಂದೆ ಕೂತು ಇಳಿದೆ. ಎರೆಮಣ್ಣು ಅಂಗೈಯಗಲ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಬಸವನಹುಳುವಿನ ಬಿಳಿ ಚಿಪ್ಪುಗಳು. ಬಳ್ಳಾರಿ ಜಾಲಿ ಬಿಟ್ಟರೆ ಒಂದು ಹಸಿರೆಲೆ ಇಲ್ಲ. ಹೋಗುವಾಗ ಜನ ಬಾಗಿಲು, ತೊಲೆ, ಜಂತಿ ಎಲ್ಲ ಕಿತ್ತು ಒಯ್ದಿದ್ದರು. ಉಳಿದದ್ದು ಕಲ್ಲಿನ ಬುನಾದಿ, ಕೆಸರು ತುಂಬಿದ ಕಾಳಿನ ಹಗೇವು, ನೆಲದಲ್ಲಿ ಹೂತ ಒಳಕಲ್ಲು. ನಮ್ಮ ಮನೆಯ ಒಳಕಲ್ಲಿನಲ್ಲಿ ಇನ್ನೂ ಬೊಗಸೆ ನೀರಿತ್ತು, ಒಂದು ಕಪ್ಪೆಮರಿ ಕೂತಿತ್ತು. ದೂರದ ನೀರಂಚಿನಲ್ಲಿ ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಅವಕ್ಕೆ ಇದು ಪಾಳೂರಲ್ಲ, ಊಟದ ಮನೆ.

ಆ ಬಯಲಿನಲ್ಲಿ ಕೆಂಪು ರುಮಾಲಿನ ಮುದುಕನೊಬ್ಬ ಇಲ್ಲದ ಓಣಿಯಲ್ಲಿ ನಡೆಯುತ್ತಿದ್ದ. ಇಲ್ಲದ ಬಾಗಿಲಿನ ಮುಂದೆ ನಿಂತು, ತುಸು ಬಾಗಿ, ಮುಂದಕ್ಕೆ ಹೋಗುತ್ತಿದ್ದ.

"ಏನ್ ಮಾಡಾಕತ್ತೀರಿ ಯಜಮಾನ್ರ?" ಅಂದೆ.

"ಸಾಲು ಮರೀಬಾರದಲ್ಲವಾ. ನನ್ನ ಪುಸ್ತಕದಾಗ ಮನಿ ಅದಾವು, ಪ್ಲಾಟ್ ನಂಬರ್ ಇಲ್ಲ."

ಹೆಳವ ಅಂದರೆ ಕುಂಟ ಎಂದರ್ಥ. ಹಿಂದೆ ಇವರು ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಬಟ್ಟೆ ಹೊದ್ದು, ಗಂಟೆ ಬಾರಿಸುತ್ತ ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿ ಹಾಡಿ ಕಾಳು, ಬಟ್ಟೆ, ದನಕರು ಪಡೆಯುತ್ತಿದ್ದರು. ಈತ ಬಂದದ್ದು ಟಾಟಾ ಏಸ್‌ನಲ್ಲಿ, ಮಗನೇ ಡ್ರೈವರ್. ಕಾಲು ಗಟ್ಟಿಮುಟ್ಟಾಗಿದ್ದವು. ಆ ಬಿಸಿಲಲ್ಲಿ ನನಗಿಂತ ಬೇಗ ಏರು ಹತ್ತಿದ.

ಮಧ್ಯಾಹ್ನ ದೊಡ್ಡಪ್ಪನ ಪಡಸಾಲೆಯಲ್ಲಿ ಗಂಟು ಬಿಚ್ಚಿದ. ಕೆಂಪು ಬಟ್ಟೆ, ಅದರೊಳಗೆ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಉದ್ದನೆಯ ಕಿರ್ದಿಯಂಥ ಪುಸ್ತಕ. ಪುಸ್ತಕವನ್ನು ಹಣೆಗೆ ಒತ್ತಿಕೊಂಡ, ಆದರೆ ತೆರೆಯಲಿಲ್ಲ. ಕಣ್ಣು ಮುಚ್ಚಿ ಶುರುವಿಟ್ಟ. ಮನೆದೇವರು, ಬೆಡಗು ಅಂದರೆ ಕುಲದ ಕವಲು, ಮೂಲ ಊರು. ಅವರ ಮಗ ಇವ, ಇವನ ಮಗ ಅವ ಎಂದು ದನಿ ಒಂದೇ ಏರಿಳಿತದಲ್ಲಿ ಓಡುತ್ತಿತ್ತು, ಎರಡು ತಲೆಮಾರಿಗೊಮ್ಮೆ ಉಸಿರು. ನಡುವೆ ಒಂದು ಮಾತು ಬಂತು: ನಮ್ಮ ಮೂಲ ಪುರುಷ ಈ ಊರಿನವನೇ ಅಲ್ಲ, ಡೋಗಿ ಬರದಲ್ಲಿ ಎರಡು ಎತ್ತು, ಒಬ್ಬ ತಮ್ಮನೊಂದಿಗೆ ಹೊಳೆ ಹಾದು ಬಂದವನು. 1790ರ ಆಸುಪಾಸಿನ ಆ ಬರದಲ್ಲಿ ಸತ್ತವರನ್ನು ಹೂಳುವವರೂ ಉಳಿದಿರಲಿಲ್ಲ, ತಲೆಬುರುಡೆಗಳು ಬಯಲಲ್ಲೇ ಬಿದ್ದಿದ್ದವು ಎಂದು ಓದಿದ್ದೆ. ನಮ್ಮವರು ಅದರೊಳಗಿಂದ ನಡೆದು ಬಂದವರೆಂದು ಗೊತ್ತಿರಲಿಲ್ಲ. ದೊಡ್ಡಪ್ಪ ಮಾತ್ರ ಸುಮ್ಮನೆ ಎಲೆ ಅಡಿಕೆ ಮಡಿಸುತ್ತಿದ್ದರು.

ಈತನನ್ನು ಸಂತನೆಂದು ತಿಳಿಯಬೇಡಿ. ಹೊಗಳಿಕೆ ಎಲ್ಲಿ ಹೆಚ್ಚಿಸಿದರೆ ಜೋಳ ಹೆಚ್ಚುತ್ತದೆ ಎಂಬುದು ಚೆನ್ನಾಗಿ ಗೊತ್ತು. ಮುತ್ತಜ್ಜನ ಹೆಸರು ಬಂದಾಗ 'ಸಾವಿರ ಮಂದಿಗೆ ಅನ್ನ ಹಾಕಿದಾಂವ' ಎಂದ. ಅಜ್ಜಿಯ ಬಾಯಲ್ಲಿ ಕೇಳಿದ ಹಾಗೆ ಆತ ಮಹಾ ಜಿಪುಣ. ಅಜ್ಜನ ಮೂರನೆಯ ತಮ್ಮನ ಹತ್ತಿರ ಬಂದಾಗ ದನಿ ಒಂದು ಚಣ ತಡವರಿಸಿ, ಹೆಸರನ್ನಷ್ಟೇ ಹೇಳಿ ದಾಟಿತು. ಆ ತಮ್ಮ ಪಾಲಿನ ಜಗಳದಲ್ಲಿ ಮನೆ ಬಿಟ್ಟು ಹೋದವನು. ಕೇಳಿದರೆ, "ಬರೆದದ್ದೆಲ್ಲಾ ಹಾಡೂದಲ್ಲವಾ" ಅಂದ. ಬುದ್ಧಿವಂತ. ಈತನ ಕಸುಬೆಲ್ಲ ಇರುವುದು ನೆನಪಿನಲ್ಲಿ ಎಂದುಕೊಂಡಿದ್ದೆ. ಎಲ್ಲಿ ಬಾಯಿ ಮುಚ್ಚಬೇಕು ಎಂಬುದೂ ಅಷ್ಟೇ ದೊಡ್ಡ ಕಸುಬು.

ಹಾಡು ಮುಗಿದ ಮೇಲೆ ಪುಸ್ತಕ ತೆರೆದು, ತಪ್ಪಿಲ್ಲವೆಂದು ತೋರಿಸಿದ. ನೀಲಿ ಬಾಲ್‌ಪೆನ್ನು, ಅದಕ್ಕೂ ಹಿಂದೆ ಕಂದಿದ ಕಪ್ಪು ಮಸಿ. ನನ್ನ ತಮ್ಮನ ಹೆಸರಿತ್ತು. ನನ್ನದಿರಲಿಲ್ಲ. ಅವ್ವನದೂ, ಅಜ್ಜಿಯದೂ ಇರಲಿಲ್ಲ. ಸುಣ್ಣಕ್ಕಾಗಿ ಜಗಳವಾಡಿದವಳು ಪುಟದಲ್ಲಿ ಎಲ್ಲೂ ಇಲ್ಲ.

"ನಾನೆಲ್ಲಿ?" ಎಂದೆ.

"ನಿನ್ನ ಗಂಡನ ಮನಿ ಹೆಳವನ್ನ ಕೇಳಬೇಕವಾ" ಎಂದು ನಕ್ಕ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದು ಅವನಿಗೆ ಕಂಡಿತೆಂದು ತೋರುತ್ತದೆ. ನೀರು ಕುಡಿದು, ಪೆನ್ನಿನ ಕ್ಯಾಪು ತೆಗೆದು, "ಹೇಳು, ಬರಕೋತೀನಿ. ಅಜ್ಜಿದೂ ಹೇಳು" ಅಂದ. ಅಂಚಿನಲ್ಲಿ ಜಾಗ ಕಡಿಮೆ. ಅಕ್ಷರ ಇರುವೆಯಷ್ಟಾಯಿತು.

ಅಣೆಕಟ್ಟು ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ 524.256 ಮೀಟರ್‌ಗೆ ಒಪ್ಪಿದೆ. ಆ ಹದಿನೈದು ಅಡಿ ಏರಿದರೆ ದೊಡ್ಡಪ್ಪನ ಉಳಿದ ಹೊಲವೂ ಹೋಗುತ್ತದೆ. ಮಾತು ಅತ್ತ ತಿರುಗಿದಾಗ ಹೆಳವ, "ಇನ್ನ ಎಷ್ಟು ಹಳ್ಳಿ ಹೊಕ್ಕಾವು?" ಎಂದು ಕೇಳಿ ಬೆರಳು ಮಡಚುತ್ತ ಲೆಕ್ಕ ಹಾಕಿದ. ಅವನ ಹಕ್ಕಿನ ಊರುಗಳೂ ಅದರಲ್ಲಿದ್ದವು.

ಎರಡು ಚೀಲ ಜೋಳ ಕೇಳಿದ. ದೊಡ್ಡಪ್ಪ ಒಂದಕ್ಕೆ ನಿಂತರು. ಕೊನೆಗೆ ಒಂದು ಚೀಲ, ಒಂದು ಕಂಬಳಿ, ಐನೂರು ರೂಪಾಯಿ ಡೀಸೆಲ್ಲಿಗೆ. ಬಿಸಿಲು ಇಳಿದ ಮೇಲೆ ಗಾಡಿ ಹೊರಟಿತು. ಪುಸ್ತಕದ ಸಾಲಿನಲ್ಲಿ ಮುಂದಿನದು ನಮ್ಮ ಬಾಜೂ ಮನೆ. ಹಳೆ ಊರಿನಲ್ಲಿ ಒಂದೇ ಗೋಡೆ ನಡುವೆ. ಅವರೀಗ ಬಾಗಲಕೋಟೆಯ ನವನಗರದಲ್ಲಿದ್ದಾರೆ. "ಸೆಕ್ಟರ್ ಎಷ್ಟವಾ ಅವರದು?" ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪ ಫೋನ್ ಹುಡುಕತೊಡಗಿದರು.