ಹೆಣ್ಣಿಲಿ ಮಧ್ಯಾಹ್ನ ಎರಡರಿಂದ ನಾಲ್ಕು

ಎಂಡೋಕ್ರೈನಾಲಜಿ ಲ್ಯಾಬ್‌ಗೆ, ಅಂದ್ರೆ ಹಾರ್ಮೋನ್‌ಗಳ ಅಧ್ಯಯನ ಮಾಡೋ ಲ್ಯಾಬ್‌ಗೆ, ಸೇರಿದವರಿಗೆ ಮೊದಲು ಹೇಳ್ಕೊಡೋದೇ ವೆಜೈನಲ್ ಸ್ಮಿಯರ್, ಅಂದ್ರೆ ಹೆಣ್ಣಿಲಿಯ ಯೋನಿಯಿಂದ ತೆಗೆದ ಕೋಶಗಳನ್ನ, ಮೈಕ್ರೋಸ್ಕೋಪ್‌ನಲ್ಲಿ ನೋಡೋದು. ಡ್ರಾಪರ್‌ನಲ್ಲಿ ಒಂದೆರಡು ಹನಿ ಸಲೈನ್ ಬಿಟ್ಟು ಮೆತ್ತಗೆ ವಾಪಸ್ ಎಳ್ಕೊಂಡು ಸ್ಲೈಡ್ ಮೇಲೆ ಹಾಕಿದ್ರೆ ಆಯ್ತು, ಸ್ಟೇನ್ ಕೂಡ ಬೇಕಿಲ್ಲ. ನ್ಯೂಕ್ಲಿಯಸ್ ಇರೋ ದುಂಡು ಕೋಶಗಳು ಗುಂಪು ಗುಂಪಾಗಿ ಕಂಡ್ರೆ ಪ್ರೊಈಸ್ಟ್ರಸ್ (ಅಂಡೋತ್ಪತ್ತಿಗೆ ಸ್ವಲ್ಪ ಮುಂಚಿನ ಹಂತ), ಮಾರನೇ ದಿನ ಅದೇ ಇಲಿಯಲ್ಲಿ ನ್ಯೂಕ್ಲಿಯಸ್ಸೇ ಇಲ್ಲದ, ಅವಲಕ್ಕಿ ಥರ ಚಪ್ಪಟೆ ಕೋಶಗಳು, ಅದು ಈಸ್ಟ್ರಸ್ (ಬೆದೆಯ ಹಂತ), ಆಮೇಲೆ ಬಿಳಿ ರಕ್ತಕಣಗಳು ತುಂಬ್ಕೊಳ್ತವೆ. ನಾಲ್ಕೈದು ದಿನಕ್ಕೆ ಈ ಹಂತಗಳ ಒಂದು ಸುತ್ತು ಮುಗಿಯತ್ತೆ.

ಇಷ್ಟು ಸರಳ ಅಂತ ಹಗುರವಾಗಿ ನೋಡ್ಬೇಡಿ. 1923ರಲ್ಲಿ ಅಲೆನ್ ಮತ್ತು ಡಾಯ್ಸಿ ಹಂದಿ ಅಂಡಾಶಯದ ದ್ರವವನ್ನ ಅಂಡಾಶಯ ತೆಗೆದ ಪ್ರಾಣಿಗಳಿಗೆ ಚುಚ್ಚಿ ಅದರಲ್ಲಿ ಹಾರ್ಮೋನ್ ಇದೆ ಅಂತ ತೋರಿಸಿದ್ದು ಇದೇ ಸ್ಮಿಯರ್ ನಂಬ್ಕೊಂಡು. ಆ ಹಾರ್ಮೋನೇ ಈಸ್ಟ್ರೋಜನ್, ಅದರ ಕಥೆ ಶುರುವಾಗಿದ್ದೇ ಅಲ್ಲಿಂದ.

ಆದ್ರೆ ನನಗೆ ತುಂಬಾ ಇಷ್ಟವಾದ ಪ್ರಯೋಗ 1950ರದ್ದು, ಎವರೆಟ್ ಮತ್ತು ಸಾಯರ್ ಮಾಡಿದ್ದು. ಪ್ರೊಈಸ್ಟ್ರಸ್ ದಿನ ಮಧ್ಯಾಹ್ನ ಎರಡಕ್ಕೆ ಮುಂಚೆ ಇಲಿಗೆ ನೆಂಬ್ಯುಟಾಲ್ ಕೊಟ್ಟು ಮಂಪರು ಬರಿಸಿದ್ರೆ ಆ ರಾತ್ರಿ ಆಗ್ಬೇಕಿದ್ದ ಅಂಡೋತ್ಪತ್ತಿ ಆಗಲ್ಲ, ನಾಲ್ಕು ಗಂಟೆ ಆದ್ಮೇಲೆ ಅದೇ ಔಷಧಿ ಕೊಟ್ರೆ ಏನೂ ಪ್ರಯೋಜನ ಇಲ್ಲ, ಅಂಡ ಹೊರಗೆ ಬಂದೇ ಬರತ್ತೆ. ಇನ್ನೂ ಸೋಜಿಗ ಅಂದ್ರೆ, ತಡೆದಾಗ ಅದು ಸುಮ್ನೆ ಒಂದೆರಡು ಗಂಟೆ ಲೇಟ್ ಆಗಲ್ಲ, ಸರಿಯಾಗಿ 24 ಗಂಟೆ ಮುಂದಕ್ಕೆ ಹೋಗತ್ತೆ! ಅಂದ್ರೆ ಮೆದುಳಲ್ಲಿ ಒಂದು ಗಡಿಯಾರ ಕೂತಿದೆ, ಅದು ದಿನಕ್ಕೊಂದೇ ಸಲ, ಮಧ್ಯಾಹ್ನ ಮಾತ್ರ, ಎಲ್‌ಎಚ್ (ಅಂಡೋತ್ಪತ್ತಿ ಮಾಡಿಸೋ ಪಿಟ್ಯುಟರಿ ಹಾರ್ಮೋನ್) ಬಿಡೋಕೆ ಸಿಗ್ನಲ್ ಕೊಡತ್ತೆ.

ಹಾಗಾದ್ರೆ ದಿನಾ ಯಾಕೆ ಅಂಡೋತ್ಪತ್ತಿ ಆಗಲ್ಲ? ಈಸ್ಟ್ರಡೈಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ) ಸಾಕಷ್ಟು ಏರಿದ ದಿನ ಮಾತ್ರ ಆ ಸಿಗ್ನಲ್‌ಗೆ ಬೆಲೆ. ಮಿಕ್ಕ ದಿನ ಅದೇ ಹಾರ್ಮೋನ್ ಎಲ್‌ಎಚ್‌ನ ಅದುಮಿ ಇಡತ್ತೆ. ಅಂಡಾಶಯ ತೆಗೆದು ಈಸ್ಟ್ರಡೈಯಾಲ್ ಕ್ಯಾಪ್ಸೂಲ್ ಚರ್ಮದಡಿ ಇಟ್ಟು, ಅದರ ಮಟ್ಟ ಸದಾ ಏರಿಯೇ ಇರೋ ಹಾಗೆ ಮಾಡಿ ನೋಡಿದಾಗ ದಿನಾ ಮಧ್ಯಾಹ್ನ ಎಲ್‌ಎಚ್ ಏರ್ತಾ ಇತ್ತು. ಒಂದೇ ಹಾರ್ಮೋನ್ ಅದುಮೋದೂ ಮಾಡತ್ತೆ ಎಬ್ಬಿಸೋದೂ ಮಾಡತ್ತೆ ಅನ್ನೋದು ಎಷ್ಟು ಸಲ ಓದಿದ್ರೂ ನನಗೆ ಹಳೇದಾಗಿಲ್ಲ.

ಈ ಗಡಿಯಾರ ಸಮಯ ಹೊಂದಿಸ್ಕೊಳ್ಳೋದು ಕಣ್ಣಿಗೆ ಬೀಳೋ ಬೆಳಕಿಂದ. ಅದಕ್ಕೇ ಅನಿಮಲ್ ಹೌಸ್‌ನ ಲೈಟ್ ಟೈಮರ್ ಅಷ್ಟು ಮುಖ್ಯ, ರಾತ್ರಿ ಯಾರೋ ಏನೋ ಮರೆತಿದ್ದು ತಗೊಳ್ಳೋಕೆ ಬಂದು ಟ್ಯೂಬ್‌ಲೈಟ್ ಹಾಕೋದು ಸಣ್ಣ ವಿಷಯ ಅಲ್ಲ. ವಾರಗಟ್ಲೆ ಹಗಲೂ ರಾತ್ರಿ ಲೈಟ್ ಉರೀತಾನೇ ಇದ್ರಂತೂ ಚಕ್ರವೇ ನಿಂತು ಇಲಿಗಳು ಈಸ್ಟ್ರಸ್‌ನಲ್ಲೇ ಉಳಿದುಬಿಡ್ತವೆ, ಸ್ಮಿಯರ್ ನೋಡಿದ್ರೆ ದಿನಾ ಅದೇ ಚಪ್ಪಟೆ ಕೋಶಗಳು.

ಇಷ್ಟೆಲ್ಲಾ ಗೊತ್ತಿದ್ರೂ ಎಷ್ಟೋ ಪೇಪರ್‌ಗಳಲ್ಲಿ ಬರೀ 'ಹೆಣ್ಣಿಲಿಗಳನ್ನು ಬಳಸಲಾಯಿತು' ಅಂತ ಇರತ್ತೆ ಅಷ್ಟೇ. ಯಾವ ಹಂತ, ಲೈಟ್ ಎಷ್ಟಕ್ಕೆ ಆನ್, ಎಷ್ಟಕ್ಕೆ ಆಫ್, ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಇದನ್ನ ದಯವಿಟ್ಟು ಬರೀರಿ. ಪ್ರೊಈಸ್ಟ್ರಸ್ ದಿನ ಬೆಳಗ್ಗೆ ಹತ್ತಕ್ಕೆ ತೆಗೆದ ರಕ್ತಕ್ಕೂ ಸಂಜೆ ಐದೂವರೆಗೆ ತೆಗೆದದ್ದಕ್ಕೂ ಎಲ್‌ಎಚ್ ಲೆಕ್ಕದಲ್ಲಿ ಹೋಲಿಕೆನೇ ಇಲ್ಲ, ಎರಡನ್ನೂ ಸೇರಿಸಿ ಸರಾಸರಿ ತೆಗೆದ್ರೆ ಬರೋ ನಂಬರ್ ಯಾವ ಇಲಿಯದ್ದೂ ಅಲ್ಲ.