ಆಪ್ ಹಸಿರು ತೋರಿಸಿತು, ಅಮ್ಮ ಗಾಂಧಾರ ಏರಿದೆ ಅಂದಳು

ಗಿಟಾರ್ ಹಿಡಿದು ಈಗ 7 ತಿಂಗಳಾಯಿತು. ಮೇಷ್ಟ್ರಿಲ್ಲ, ಕ್ಲಾಸಿಲ್ಲ. ರಾತ್ರಿ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ, ಫೋನ್‌ನಲ್ಲಿ ಒಂದು ಆಪ್, ಮೈಸೂರಿನ ನಮ್ಮ ಮನೆಯ ನಡುಮನೆ, ಅಷ್ಟೇ. ಅಣ್ಣನ ಮಗ ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಡುವಾಗ "ಅತ್ತೆ, ಇದನ್ನ ನೀವೇ ಇಟ್ಕೊಳ್ಳಿ, ಇಲ್ಲದಿದ್ರೆ ಸುಮ್ನೆ ಧೂಳು ಹಿಡಿಯುತ್ತೆ" ಅಂತ ಕೊಟ್ಟುಹೋದ ಗಿಟಾರ್ ಇದು. ಅಮ್ಮ ವೀಣೆ ನುಡಿಸುತ್ತಾಳೆ. ಚಿಕ್ಕವಳಿದ್ದಾಗ ಅವಳ ಹತ್ತಿರ ಎರಡು ವರ್ಷ ಸರಳೆ, ಜಂಟಿ ಅನ್ನುವ ಆರಂಭದ ಸ್ವರಪಾಠ ಕಲಿತಿದ್ದೆ. ಆಮೇಲೆ ಓದು, ಕೆಲಸ, ಮದುವೆ ಅಂತ ಬಿಟ್ಟೇಹೋಯಿತು.

ಆಫೀಸಿನಲ್ಲಿ ಇಬ್ಬರು ಗೆಳತಿಯರು ಕೇಳಿದರು, ಆಪ್ ನೋಡಿಕೊಂಡು ನಿಜವಾಗಲೂ ಗಿಟಾರ್ ಬರುತ್ತಾ ಅಂತ. ಬರುತ್ತೆ. ಆದರೆ ಆಪ್‌ಗೆ ಏನು ಕೇಳಿಸುತ್ತೆ, ಏನು ಕಾಣಿಸುವುದಿಲ್ಲ ಅನ್ನುವುದು ಮೊದಲೇ ಗೊತ್ತಿದ್ದರೆ ನನಗೆ ಎರಡು ತಿಂಗಳಾದರೂ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಿಟಾರಿನ ಮಾತು. ಶುರುವಿನ ಮೂರು ವಾರ ಬೆರಳು ಉರಿದು ಉರಿದು ಸಾಕಾಯಿತು. ಎಲ್ಲರಿಗೂ ಹೀಗೇ ಇರುತ್ತೆ, ತುದಿ ಗಟ್ಟಿಯಾಗಬೇಕು ಅಂತ ಆಪ್ ಹೇಳುತ್ತಲೇ ಇತ್ತು, ನಾನೂ ನಂಬಿಕೊಂಡು ಒತ್ತುತ್ತಲೇ ಇದ್ದೆ. ಒಂದು ದಿನ ಅಮ್ಮ ಬಂದು ತಂತಿಯ ಕೆಳಗೆ ಕಿರುಬೆರಳು ತೂರಿಸಿ ನೋಡಿದಳು. "ಇಷ್ಟು ಎತ್ತರದಲ್ಲಿ ತಂತಿ ಇದ್ರೆ ಯಾರ ಕೈ ತಾನೇ ತಡೆಯುತ್ತೆ?" ಅವಳ ವೀಣೆ ರಿಪೇರಿ ಮಾಡುವವರ ಹತ್ತಿರವೇ ಗಿಟಾರ್ ತೆಗೆದುಕೊಂಡು ಹೋದೆವು. ಅವರು ಕುದುರೆಯ (ಗಿಟಾರಿನ ಮೈಮೇಲೆ ತಂತಿ ಕಟ್ಟುವ ಮರದ ತುಂಡು) ಮೇಲೆ ತಂತಿ ಕೂರುವ ಬಿಳಿ ಪಟ್ಟಿಯನ್ನು ಹೊರಗೆಳೆದು, ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿದರು. ಸ್ವಲ್ಪ ಉಜ್ಜುವುದು, ಹಾಕಿ ನೋಡುವುದು, ಮತ್ತೆ ತೆಗೆದು ಉಜ್ಜುವುದು. ತುಕ್ಕು ಹಿಡಿದ ತಂತಿಗಳನ್ನು ತೆಗೆದು ತೆಳುವಾದ ಹೊಸ ಸೆಟ್ ಹಾಕಿದರು. ಅವತ್ತು ರಾತ್ರಿ ಕೂತಾಗ ಅದು ಬೇರೆಯೇ ಗಿಟಾರ್ ಅನ್ನಿಸಿತು. ದಯವಿಟ್ಟು ಇದನ್ನು ಮೊದಲ ದಿನವೇ ಮಾಡಿಸಿ. ಕೈ ನೋವಿಗೆ ಹೆದರಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ, ತಪ್ಪು ಅವರ ಬೆರಳಿನದ್ದಲ್ಲವೇ ಅಲ್ಲ.

ಕಲಿಸುವ ಸಾಫ್ಟ್‌ವೇರ್‌ಗಳಿಗೆ ಈಗ ಬರವಿಲ್ಲ. ಜಸ್ಟಿನ್ ಸ್ಯಾಂಡರ್‌ಕೋ ಎಂಬ ಆಸ್ಟ್ರೇಲಿಯಾದ ಮೇಷ್ಟ್ರು 2003ರಿಂದಲೇ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಪಾಠ ಹಾಕುತ್ತಾ ಬಂದಿದ್ದಾರೆ. 2011ರಲ್ಲಿ ಬಂದ ರಾಕ್‌ಸ್ಮಿತ್ ಆಟದಲ್ಲಿ ನಿಜವಾದ ಗಿಟಾರನ್ನೇ ಕೇಬಲ್ ಮೂಲಕ ಜೋಡಿಸಿ ನುಡಿಸಬಹುದು. ಫಿನ್ಲೆಂಡಿನ ಯೂಸಿಶಿಯನ್ ಥರದವು ಫೋನಿನ ಮೈಕ್‌ನಿಂದಲೇ ಕೇಳಿಸಿಕೊಂಡು ಸರಿ, ತಪ್ಪು ಹೇಳುತ್ತವೆ. ನಾನು ಬಳಸುವುದೂ ಹೀಗೆ ಕೇಳಿಸಿಕೊಳ್ಳುವ ಜಾತಿಯದ್ದೇ. ಪರದೆಯ ಮೇಲೆ ಆರು ಗೆರೆ, ಗೆರೆಗಳ ಮೇಲೆ ಅಂಕಿ ಹರಿದುಬರುತ್ತೆ. ಅಂಕಿ 3 ಅಂದರೆ ಮೂರನೇ ಮನೆಯಲ್ಲಿ ಒತ್ತಬೇಕು. ಮನೆ ಅಂದರೆ ಗಿಟಾರಿನ ಕತ್ತಿನ ಮೇಲೆ ಎರಡು ಲೋಹದ ಮೆಟ್ಟಿಲುಗಳ ನಡುವಿನ ಜಾಗ. ಗಮನಿಸಿ, ಎಲ್ಲಕ್ಕಿಂತ ಮೇಲಿನ ಗೆರೆ ಅಂದರೆ ಎಲ್ಲಕ್ಕಿಂತ ತೆಳುವಾದ ತಂತಿ, ಗಿಟಾರ್ ಹಿಡಿದಾಗ ಅದು ನೆಲದ ಕಡೆಗೆ ಇರುತ್ತೆ. ಒಂದು ವಾರದಲ್ಲಿ ಅಭ್ಯಾಸವಾಗಿಬಿಡುತ್ತೆ.

ಶ್ರುತಿ ಮಾಡುವ ವಿಷಯದಲ್ಲಿ ಸಾಫ್ಟ್‌ವೇರ್‌ಗೆ ಎಷ್ಟು ಕೈ ಮುಗಿದರೂ ಸಾಲದು. ದಪ್ಪ ತಂತಿಯಿಂದ ಶುರುಮಾಡಿದರೆ ಇ, ಎ, ಡಿ, ಜಿ, ಬಿ, ಇ. ದಪ್ಪದ ಇ ಸುಮಾರು 82 ಹರ್ಟ್ಜ್, ತೆಳುವಾದ ಇ ಸುಮಾರು 330, ಅಂದರೆ ಎರಡು ಸ್ಥಾಯಿ ಮೇಲೆ (ಒಂದು 'ಸ'ದಿಂದ ಮೇಲಿನ 'ಸ'ವರೆಗೆ ಒಂದು ಸ್ಥಾಯಿ). ತಂತಿ ಮೀಟಿ, ಪರದೆಯ ಟ್ಯೂನರ್‌ನಲ್ಲಿ ಮುಳ್ಳು ನೋಡಿಕೊಂಡು ಬಿರಡೆ ತಿರುಗಿಸಿದರೆ ಮುಗಿಯಿತು. ಒಂದೇ ಕಿವಿಮಾತು: ಸ್ವರ ಏರಿದ್ದರೆ ಬಿರಡೆಯನ್ನು ಜಾಸ್ತಿಯೇ ಇಳಿಸಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ತಂದು ಸೇರಿಸಿ. ಹಾಗೆ ಮಾಡಿದರೆ ತಂತಿ ಬೇಗ ಜಾರುವುದಿಲ್ಲ.

ಆಪ್ ಸರಿಯಾಗಿ ಕೇಳಿಸಿಕೊಳ್ಳಬೇಕಾದರೆ ಮನೆಯನ್ನು ಸ್ವಲ್ಪ ಹೊಂದಿಸಿಕೊಳ್ಳಬೇಕು. ಏಪ್ರಿಲ್ ಸೆಖೆಯಲ್ಲಿ ಫ್ಯಾನ್ ಆರಿಸಿ ಕೂತಿದ್ದೇನೆ, ಯಾಕೆಂದರೆ ಫ್ಯಾನಿನ ಗಾಳಿ ಮೈಕ್‌ಗೆ ಬಡಿದರೆ ದಪ್ಪ ತಂತಿಗಳ ಸ್ವರ ಅದಕ್ಕೆ ಹತ್ತುವುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪೀಕಲಾಟ. ಮೀಟಿಂಗ್ ಕರೆಗಳಿಗೆ ಅಂತ ಹಿನ್ನೆಲೆ ಸದ್ದು ಅಳಿಸುವ ಸೆಟ್ಟಿಂಗ್ ಇರುತ್ತಲ್ಲ, ಅದು ಮನುಷ್ಯರ ಮಾತನ್ನು ಮಾತ್ರ ಉಳಿಸಿ, ಎಳೆದು ನಿಲ್ಲುವ ತಂತಿಯ ನಾದವನ್ನು ಗಲಾಟೆ ಅಂದುಕೊಂಡು ಅಳಿಸಿಬಿಡುತ್ತೆ. ಎರಡು ವಾರ ನಾನು ಸರಿಯಾಗಿ ನುಡಿಸಿದ್ದಕ್ಕೂ ಕೆಂಪು ಬರುತ್ತಿತ್ತು. ಆ ಸೆಟ್ಟಿಂಗ್ ತೆಗೆದ ಮೇಲೆ ಸರಿಹೋಯಿತು. ಹಾಗೇ ಬ್ಲೂಟೂತ್ ಇಯರ್‌ಫೋನ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತೆ, ಹಾಡು ಕೇಳುವಾಗ ಆ ತಡ ಗೊತ್ತಾಗುವುದಿಲ್ಲ, ತಾಳಕ್ಕೆ ಸರಿಯಾಗಿ ಮೀಟಲು ಹೋದರೆ ಮಾತ್ರ ಕೈ ಒಂದು ಕಡೆ, ತಾಳ ಒಂದು ಕಡೆ. ವೈರ್ ಇರುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಆಪ್‌ಗೆ ಕಣ್ಣಿಲ್ಲ. ಇದನ್ನು ನಾನು ಸಿ ಕಾರ್ಡ್‌ನಲ್ಲಿ ಕಲಿತೆ. ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಬಾರಿಸುವುದು. ತೆಳು ತಂತಿಯಿಂದ ಎಣಿಸಿದರೆ, ಉಂಗುರಬೆರಳು ಐದನೇ ತಂತಿಯ ಮೂರನೇ ಮನೆ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಮನೆ, ತೋರುಬೆರಳು ಎರಡನೇ ತಂತಿಯ ಒಂದನೇ ಮನೆ. ನನ್ನ ತೋರುಬೆರಳು ಚೂರು ಮಲಗಿಕೊಂಡು ಮೊದಲನೇ ತಂತಿಗೆ ತಾಗುತ್ತಿತ್ತು. ಆ ತಂತಿಯಿಂದ ನಾದವೇ ಬರುತ್ತಿರಲಿಲ್ಲ, ಟಪ್ ಅಂತ ಒಂದು ಸತ್ತ ಸದ್ದು. ಆದರೂ ಆಪ್ ಹಸಿರೇ ತೋರಿಸುತ್ತಿತ್ತು, ಯಾಕೆಂದರೆ ಉಳಿದ ತಂತಿಗಳಲ್ಲಿ ಸಿ ಕಾರ್ಡಿಗೆ ಬೇಕಾದ ಮೂರೂ ಸ್ವರಗಳು ಅದಕ್ಕೆ ಸಿಗುತ್ತಿದ್ದವು. ಈಗ ಯಾವ ಹೊಸ ಕಾರ್ಡ್ ಆದರೂ ಮೊದಲು ಒಟ್ಟಿಗೆ ಬಾರಿಸುವುದಿಲ್ಲ. ಒಂದೊಂದೇ ತಂತಿಯನ್ನು ಮೀಟಿ, ಕಿವಿ ಕೊಟ್ಟು ಕೇಳಿ, ಆಮೇಲೆ ಆಪ್ ಮುಂದೆ ಕೂರುತ್ತೇನೆ.

ಮಣಿಕಟ್ಟಿನ ಕಥೆಯೂ ಇದೇ. ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿ, ಬೆಳಿಗ್ಗೆ ಚಪಾತಿ ಲಟ್ಟಿಸಲೂ ಆಗದಂತಾಯಿತು. ಫೋನನ್ನು ಅವಲಕ್ಕಿ ಡಬ್ಬಕ್ಕೆ ಆನಿಸಿಟ್ಟು ನನ್ನ ಎಡಗೈಯನ್ನೇ ಐದು ನಿಮಿಷ ವಿಡಿಯೋ ಮಾಡಿ ನೋಡಿದೆ. ಪರದೆ ಚೆನ್ನಾಗಿ ಕಾಣಲಿ ಅಂತ ಮುಂದಕ್ಕೆ ಬಾಗಿ, ಗಿಟಾರನ್ನೂ ಓರೆ ಮಾಡಿಕೊಂಡು, ಮಣಿಕಟ್ಟನ್ನು ಪೂರ್ತಿ ಮಡಚಿ ಕೂತಿದ್ದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟೆ. ಬೆನ್ನು ನೆಟ್ಟಗಾಯಿತು, ಹತ್ತು ದಿನದಲ್ಲಿ ನೋವು ಹೋಯಿತು. ವಾರಕ್ಕೊಮ್ಮೆ ಹೀಗೆ ವಿಡಿಯೋ ಮಾಡಿ ನೋಡುವುದನ್ನು ಈಗಲೂ ಬಿಟ್ಟಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ವೇಗ ಇಳಿಸುವ ಗುಂಡಿ. ಪಾಠದ ಹಾಡನ್ನು 50, 60, 70 ಪರ್ಸೆಂಟ್ ವೇಗದಲ್ಲಿ ಕೇಳಬಹುದು, ಶ್ರುತಿ ಮಾತ್ರ ಕೆಡುವುದಿಲ್ಲ. ನಮ್ಮಲ್ಲಿ ಸರಳೆ ಕಲಿಸುವುದೂ ಹೀಗೇ ಅಲ್ವಾ? ಮೊದಲನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ತಾಳದ ಒಂದು ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೊದಲನೇ ಕಾಲ ಗಟ್ಟಿಯಾಗದೆ ಎರಡನೆಯದಕ್ಕೆ ಹೋದರೆ ಅಮ್ಮ ತಾಳ ನಿಲ್ಲಿಸಿಬಿಡುತ್ತಿದ್ದಳು. ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಕೈ ಬದಲಿಸುವುದನ್ನು ನಾನು 50ರಲ್ಲೇ ಹನ್ನೆರಡು ದಿನ ಮಾಡಿದೆ. ಆಪ್ "ಮುಂದಿನ ಹಂತಕ್ಕೆ ಹೋಗಿ" ಅಂತ ದಿನಾ ಕರೆಯುತ್ತಿತ್ತು, ಹೋಗಲಿಲ್ಲ. ಹದಿಮೂರನೇ ದಿನ ಕೈ ತಾನಾಗಿ ಹೋಗಿ ಕೂತಿತು. ಆ ಗಳಿಗೆಯ ಖುಷಿಯನ್ನು ಹೇಗೆ ಹೇಳಲಿ, ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ಆದರೆ ಪರದೆಯನ್ನೇ ನೋಡುತ್ತಾ ನುಡಿಸಿದರೆ ಕಿವಿ ಮಲಗಿಬಿಡುತ್ತೆ. ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ ಕರೆಂಟ್ ಹೋಯಿತು, ಫೋನ್ ಚಾರ್ಜೂ ಮುಗಿದಿತ್ತು. ಚೆನ್ನಾಗಿ ಬರುತ್ತೆ ಅಂದುಕೊಂಡಿದ್ದ, ಆಪ್‌ನಲ್ಲಿ ಪೂರ್ತಿ ಹಸಿರು ಬಂದಿದ್ದ ಒಂದು ಪಾಠವನ್ನು ಕತ್ತಲೆಯಲ್ಲಿ ನುಡಿಸಲು ಹೋದರೆ ಎರಡನೇ ಸಾಲಿಗೇ ನಿಂತಿತು. ಅಂಕಿ ಬಂದಾಗ ಬೆರಳು ಇಡುವುದನ್ನು ಕಲಿತಿದ್ದೆ, ಹಾಡನ್ನು ಕಲಿತಿರಲಿಲ್ಲ. ಅವತ್ತಿನಿಂದ ಪ್ರತಿ ಪಾಠವನ್ನೂ ಮೂರು ಸಲ ಪರದೆ ನೋಡಿ, ಒಂದು ಸಲ ಫೋನ್ ಕವುಚಿಟ್ಟು ನುಡಿಸುತ್ತೇನೆ. ಕವುಚಿಟ್ಟಾಗ ಆಗುವ ತಪ್ಪುಗಳೇ ಮಾರನೇ ದಿನದ ಪಾಠ.

ಇನ್ನು ಗಾಂಧಾರದ, ಅಂದರೆ ಸರಿಗಮದ 'ಗ'ದ ವಿಷಯ. ಆಪ್ ಮೇಜರ್ ಸ್ಕೇಲ್ ಕಲಿಸಿದಾಗ ಎರಡು ಸಲ ನುಡಿಸಿ ನಿಲ್ಲಿಸಿದೆ. ಇದು ನಮ್ಮ ಶಂಕರಾಭರಣ ರಾಗವೇ! ಒಂದೇ ತಂತಿಯ ಮೇಲೆ ಎಣಿಸಿದೆ: ಬರೀ ತಂತಿ ಷಡ್ಜ (ಸ), ಆಮೇಲೆ 2, 4, 5, 7, 9, 11, 12ನೇ ಮನೆ. ಹಾಗಾದರೆ ಸರಳೆ ಕಲಿಯುವ ಮಾಯಾಮಾಳವಗೌಳವೂ ಸಿಗಬೇಕಲ್ಲ. ರಿಷಭವನ್ನು (ರಿ) 1ಕ್ಕೆ, ಧೈವತವನ್ನು (ದ) 8ಕ್ಕೆ ಇಳಿಸಿದೆ. 1, 4, 5, 7, 8, 11, 12. ಸಿಕ್ಕೇಬಿಟ್ಟಿತು. ಮೂವತ್ತು ವರ್ಷದ ಹಿಂದೆ ಬಿಟ್ಟಿದ್ದ ಸರಳೆ ವರಸೆ ಗಿಟಾರಿನ ಮೊದಲನೇ ತಂತಿಯ ಮೇಲೆ ಬಂತು, ಕಣ್ಣು ತುಂಬಿತು.

ಅಮ್ಮ ಬಂದು ಕೂತಳು. ಅವಳ ಎಲೆಕ್ಟ್ರಾನಿಕ್ ತಂಬೂರಿ ಇದೆ, ಬೆಂಗಳೂರಿನ ರಾಡೆಲ್ ಕಂಪನಿಯದ್ದು. ಅದನ್ನು ನನ್ನ ಇ ತಂತಿಯ ಶ್ರುತಿಗೆ ಸೇರಿಸಿ ಹಾಕಿದಳು. ನುಡಿಸಿದೆ. ಟ್ಯೂನರ್‌ನಲ್ಲಿ ಪ್ರತಿ ಸ್ವರಕ್ಕೂ ಹಸಿರು.

"ಗಾಂಧಾರ ಏರಿದೆ ಕಣೇ."

"ಇಲ್ಲಮ್ಮ, ನೋಡು, ಹಸಿರು ತೋರಿಸ್ತಿದೆ."

"ಅದನ್ನ ಯಾಕೆ ನೋಡ್ತೀಯ? ತಂಬೂರಿ ಜೊತೆ ಕೇಳು."

ನಾಲ್ಕನೇ ಮನೆಯಲ್ಲಿ ಒತ್ತಿ ಮೀಟಿ, ಕಣ್ಣು ಮುಚ್ಚಿ ಕೇಳಿದೆ. ಮೊದಲ ಸಲ ಏನೂ ಗೊತ್ತಾಗಲಿಲ್ಲ. ಐದಾರು ಸಲ ಆದ ಮೇಲೆ, ತಂಬೂರಿಯ ನಾದಕ್ಕೂ ನನ್ನ ಸ್ವರಕ್ಕೂ ನಡುವೆ ಸಣ್ಣದೊಂದು ನಡುಕ ಕೇಳಿಸಿತು. ಪಂಚಮದಲ್ಲಿ (ಪ) ಆ ನಡುಕ ಇರಲಿಲ್ಲ.

ಇಬ್ಬರೂ ಸರಿಯೇ. ಗಿಟಾರಿನಲ್ಲಿ ಒಂದು ಸ್ಥಾಯಿಯನ್ನು ಸರಿಸಮವಾಗಿ 12 ಪಾಲು ಮಾಡಿ ಲೋಹದ ಮೆಟ್ಟಿಲುಗಳನ್ನು ಹೊಡೆದಿರುತ್ತಾರೆ, ಯಾವ ಸ್ವರದಿಂದ ಶುರುಮಾಡಿದರೂ ನಡೆಯಲಿ ಅಂತ. ಹಾಗೆ ಮಾಡಿದಾಗ ಪಂಚಮ ಹೆಚ್ಚುಕಡಿಮೆ ತನ್ನ ಜಾಗದಲ್ಲೇ ಕೂರುತ್ತೆ. ಗಾಂಧಾರ ಏರುತ್ತೆ. ಒಂದು ಮನೆಯನ್ನು 100 ಪಾಲು ಮಾಡಿದರೆ ಅದರಲ್ಲಿ 14 ಪಾಲಿನಷ್ಟು. ನನ್ನ ತಂತಿಯ ಲೆಕ್ಕದಲ್ಲಿ ಗಿಟಾರಿನ ಗಾಂಧಾರ 415 ಹರ್ಟ್ಜ್, ತಂಬೂರಿಗೆ ಸೇರುವ ಗಾಂಧಾರ 412. ಶ್ರುತಿ ಸೇರಿದ ತಂಬೂರಿಯಲ್ಲಿ ಷಡ್ಜದ ತಂತಿಯೊಳಗೇ ಆ ಗಾಂಧಾರ ಕೇಳಿಸುತ್ತೆ, ಅಮ್ಮನ ಕಿವಿ ಐವತ್ತು ವರ್ಷದಿಂದ ಅದನ್ನೇ ಹಿಡಿದುಕೊಂಡಿದೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದಲೇ ಕೂರಿಸುವುದು, ಬೇಕಾದರೆ ಕೂದಲೆಳೆಯಷ್ಟು ಸರಿಸಬಹುದು. ನನ್ನ ಗಿಟಾರಿನ ಮೆಟ್ಟಿಲು ಎಲ್ಲಿಗೂ ಹೋಗುವುದಿಲ್ಲ. ಆಪ್ ಕೇಳಿಸಿಕೊಳ್ಳುವುದೂ ಆ 12 ಪಾಲಿನ ಲೆಕ್ಕದಲ್ಲೇ.

ಕಾರ್ಡ್ ಬಾರಿಸುವಾಗ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜಿ, ಸಿ, ಡಿ ಮೂರೇ ಕಾರ್ಡಿನಲ್ಲಿ ಎಷ್ಟೊಂದು ಭಾವಗೀತೆ ಹಾಡಬಹುದು. ಆಪ್‌ನಲ್ಲಿ ಕನ್ನಡ ಹಾಡು ಒಂದೂ ಸಿಗಲಿಲ್ಲ, ಅದು ನನಗೆ ಬೇಜಾರಿನ ವಿಷಯವೇ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿಕೊಂಡು, ಒಂದೊಂದು ಸಾಲಿಗೂ ಯಾವ ಕಾರ್ಡ್ ಸೇರುತ್ತೆ ಅಂತ ನಾನೇ ಹುಡುಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ನನ್ನ ದನಿಗೆ ಎರಡನೇ ಮನೆಯಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಹಿತ. ಎಫ್ ಕಾರ್ಡ್ ಇನ್ನೂ ಬಂದಿಲ್ಲ. ತೋರುಬೆರಳನ್ನು ಆರೂ ತಂತಿಗೆ ಅಡ್ಡ ಇಡಬೇಕು, ಅದಕ್ಕೆ ಇನ್ನೂ ಎರಡು ತಿಂಗಳು ಬೇಕಾಗಬಹುದು.

ಹೋದ ಭಾನುವಾರ ಅಮ್ಮ "ಕೊಡು ಇಲ್ಲಿ" ಅಂತ ಗಿಟಾರ್ ತೆಗೆದುಕೊಂಡಳು. ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ, ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಳು. ನಾಲ್ಕನೇ ಮನೆಗೆ ಹೋಗಲೇ ಇಲ್ಲ. ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಮೂರನೇ ಮನೆಯಲ್ಲಿ ಒತ್ತಿ, ಮೀಟಿ, ತಂತಿಯನ್ನು ನಿಧಾನವಾಗಿ ತನ್ನ ಕಡೆಗೆ ಎಳೆದಳು. ಸ್ವರ ಮೆಲ್ಲಗೆ ಏರುತ್ತಾ ಬಂದು ಒಂದು ಕಡೆ ನಿಂತಿತು. ಪಕ್ಕದಲ್ಲಿದ್ದ ಫೋನಿನಲ್ಲಿ ಮುಳ್ಳು ನಡುಗೆರೆಯಿಂದ ಎಡಕ್ಕೇ ಉಳಿದಿತ್ತು, ಹಸಿರು ಬಂದಿರಲಿಲ್ಲ. ಅಮ್ಮ ಅದರ ಕಡೆ ನೋಡಲೂ ಇಲ್ಲ. ತಂಬೂರಿಯ ಜೊತೆ ಆ ಸ್ವರ ಎಷ್ಟು ಬೆರೆತಿತ್ತೆಂದರೆ, ತಂತಿಯ ನಾದ ಎಲ್ಲಿ ಮುಗಿಯಿತು ಅನ್ನುವುದೇ ನನಗೆ ಗೊತ್ತಾಗಲಿಲ್ಲ.

"ಈಗ ನೀನು ಎಳಿ" ಅಂದು ಗಿಟಾರ್ ನನ್ನ ತೊಡೆಯ ಮೇಲಿಟ್ಟಳು.