ನಾಯಿಯನ್ನು ಬರೆದು ತೋರಿಸಿದರೆ ಭಯ ಎಲ್ಲಿ ಉಳೀತು?

ಷರ್ಲಾಕ್ ಹೋಮ್ಸ್ ವಿಷಯ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: “'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಗ್ರಾಫಿಕ್ ಕಾದಂಬರಿಯಾಗಿ, ಅಂದರೆ ಚಿತ್ರಗಳಲ್ಲೇ ಹೇಳಿದ ಕಾದಂಬರಿಯಾಗಿ, ಬಂದಿದೆಯಲ್ಲ, ಓದಬಹುದಾ? ದೆವ್ವದ ನಾಯಿಯ ಚಿತ್ರ ಬರೆದು ತೋರಿಸಿಬಿಟ್ಟರೆ ಭಯ ಎಲ್ಲಿ ಉಳೀತು?”

ಧಾರಾಳವಾಗಿ ಓದಬಹುದು. ನಾನು ಹೇಳುತ್ತಿರುವುದು 2009ರಲ್ಲಿ ಇಂಗ್ಲೆಂಡಿನ ಸೆಲ್ಫ್‌ಮೇಡ್‌ಹೀರೋ ಪ್ರಕಾಶನ ತಂದ ಪುಸ್ತಕದ ಬಗ್ಗೆ. ಆರ್ಥರ್ ಕಾನನ್ ಡಾಯ್ಲ್ ಬರೆದ ಮೂಲ ಕಥೆಯನ್ನು ಅಳವಡಿಸಿದವರು ಇಯಾನ್ ಎಜಿಂಟನ್, ಚಿತ್ರ ಐ.ಎನ್.ಜೆ. ಕಲ್ಬರ್ಡ್ ಅವರದು. ಹೋಮ್ಸ್‌ನ ಉಳಿದ ಮೂರು ಕಾದಂಬರಿಗಳನ್ನೂ ಇದೇ ಜೋಡಿ ಚಿತ್ರಕ್ಕೆ ತಂದಿದೆ. (ಮುಂದೆ ಕಥೆಯ ಗುಟ್ಟು ಬರುತ್ತದೆ. ಮೂಲ ಓದಿಲ್ಲದವರು ಇಲ್ಲೇ ನಿಲ್ಲಿಸಿ.)

ನಾಯಿಯ ಬಗ್ಗೆ ನನಗೆ ಚಿಂತೆಯಿಲ್ಲ. 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗಲೇ ಚಿತ್ರಕಾರ ಸಿಡ್ನಿ ಪ್ಯಾಜೆಟ್ ಅದರ ಚಿತ್ರ ಬರೆದಿದ್ದರು. ಅಲ್ಲದೆ, ಕೊನೆಗೆ ಅದು ಕತ್ತಲಲ್ಲಿ ಹೊಳೆಯುವ ರಂಜಕ ಬಳಿದ ಒಂದು ದೊಡ್ಡ ನಾಯಿ, ಅಷ್ಟೇ. ಅದು ಬರುವ ತನಕದ್ದೇ ಭಯ. ಕಥೆ ನಡೆಯುವ ಡಾರ್ಟ್‌ಮೂರ್‌ನ ಬಯಲು, ಕುದುರೆಯನ್ನೇ ನುಂಗುವ ಹುದುಲು, ಎಲ್ಲಿಂದಲೋ ಬರುವ ಊಳು, ಕೊನೆಯ ರಾತ್ರಿ ಮೆಲ್ಲಗೆ ಹತ್ತಿರ ಬರುವ ಮಂಜು. ಇದೆಲ್ಲ ಚಿತ್ರಕ್ಕೆಂದೇ ಹುಟ್ಟಿದ ಸರಕು.

ಚಿತ್ರಕಾರನಿಗೆ ನಿಜವಾದ ಕಷ್ಟ ಇರುವುದು ಮನುಷ್ಯರ ಮುಖದಲ್ಲಿ. ಬಾಸ್ಕರ್‌ವಿಲ್ ಮನೆಯ ಗೋಡೆಯಲ್ಲಿ 1647ರ ಒಂದು ಭಾವಚಿತ್ರ ಇದೆ. ಮನೆತನಕ್ಕೆ ಶಾಪ ತಂದ ದುಷ್ಟ ಹ್ಯೂಗೋನದು. ಹೋಮ್ಸ್ ಕುರ್ಚಿ ಹತ್ತಿ, ಹ್ಯೂಗೋನ ಟೋಪಿಯನ್ನೂ ಗುಂಗುರು ಕೂದಲನ್ನೂ ಕೈಯಿಂದ ಮರೆಮಾಡುತ್ತಾನೆ. ಉಳಿದ ಮುಖ ನೆರೆಮನೆಯ ಸ್ಟೇಪಲ್ಟನ್‌ನದು! ಅವನೂ ಅದೇ ವಂಶದವನು, ಆಸ್ತಿಗಾಗಿ ಕೊಲ್ಲುತ್ತಿರುವವನು. ಕಾನನ್ ಡಾಯ್ಲ್‌ಗೆ ಇದು ಸುಲಭ. ಒಂದು ಸಾಲು ಬರೆದರೆ ಓದುಗರು ನಂಬುತ್ತಾರೆ. ಚಿತ್ರಕಾರ ಎರಡು ಮುಖವನ್ನೂ ಬರೆಯಬೇಕು. ಹೋಲಿಕೆ ಜಾಸ್ತಿಯಾದರೆ ಗುಟ್ಟು ಬೇಗ ರಟ್ಟಾಗುತ್ತದೆ. ಕಮ್ಮಿಯಾದರೆ ಮೋಸ. ಆದರೆ ಸರಿಯಾಗಿ ಕೂತರೆ, ಹೋಮ್ಸ್‌ಗೆ ಸಿಕ್ಕ ಸುಳಿವೇ ಓದುಗರ ಕಣ್ಣಿಗೂ ಸಿಕ್ಕಿರುತ್ತದೆ. ಈ ನ್ಯಾಯ ಮೂಲದಲ್ಲಿ ಸಾಧ್ಯವೇ ಇಲ್ಲ, ಅಲ್ವಾ?

ಬೆಳದಿಂಗಳಲ್ಲಿ ಕಲ್ಲುಬಂಡೆಯ ಮೇಲೆ ಕೈಕಟ್ಟಿ ನಿಂತ ಅಪರಿಚಿತನದೂ ಇದೇ ಪಾಡು. ಕಥೆ ಹೇಳುವ ಗೆಳೆಯ ವಾಟ್ಸನ್‌ಗೆ ಅವನು ಯಾರೋ ಎತ್ತರದ, ತೆಳ್ಳಗಿನ ಮನುಷ್ಯ. ಆಮೇಲೆ ನೋಡಿದರೆ ಅವನು ಹೋಮ್ಸೇ. ಹೋಮ್ಸ್‌ನ ಮೂಗು ಎಂಥದ್ದೆಂದು ಜಗತ್ತಿಗೇ ಗೊತ್ತಿರುವಾಗ ಆ ನೆರಳನ್ನು ಹೇಗೆ ಬರೆಯುವುದು, ಪಾಪ!

ನಷ್ಟ ಇಲ್ಲವೆಂದಲ್ಲ. ಮೂಲದ ಎಂಟು, ಒಂಬತ್ತನೆಯ ಅಧ್ಯಾಯ ವಾಟ್ಸನ್ ಹೋಮ್ಸ್‌ಗೆ ಬರೆದ ವರದಿಗಳು, ಹತ್ತನೆಯದು ಅವನ ಡೈರಿ. ಒಂಟಿಯಾಗಿ ಕೂತು, ಕಂಡದ್ದನ್ನೆಲ್ಲ ತಪ್ಪಾಗಿಯಾದರೂ ನಿಷ್ಠೆಯಿಂದ ಬರೆದಿಡುವ ಆ ದನಿ ನನಗೆ ತುಂಬ ಇಷ್ಟ. ಚಿತ್ರದ ಚೌಕಟ್ಟಿನಲ್ಲಿ ಅಷ್ಟು ಮಾತಿಗೆ ಜಾಗ ಎಲ್ಲಿ?

ಅದಕ್ಕೇ, ಎರಡರಲ್ಲಿ ಯಾವುದು ಮೊದಲು ಅಂದರೆ ಮೂಲವೇ ಅನ್ನುತ್ತೇನೆ. ಗುಟ್ಟು ಗೊತ್ತಿದ್ದು ಚಿತ್ರ ನೋಡುವ ಮಜಾನೇ ಬೇರೆ. ಚಿಟ್ಟೆ ಹಿಡಿಯುವ ಬಲೆ ಹೊತ್ತು ಸ್ಟೇಪಲ್ಟನ್ ಮೊದಲ ಸಲ ಬರುವ ಪುಟದಲ್ಲೇ ಅವನ ಮುಖವನ್ನು ಬಿಡದೆ ನೋಡಬಹುದು.